ಗೇರ್‌ಬಾಕ್ಸ್ ಇಳಿಸುವ ಮೊದಲು ಮಿಲಿಮೀಟರ್ ಲೆಕ್ಕ: ಹಳೆಯ ವಾಹನದ ಬಿಗಿ ಗೇರ್ ಸರಿಪಡಿಸಿದ ದಾಖಲೆ

ವಾಹನಕ್ಕೆ ಇಪ್ಪತ್ತೈದು ವರ್ಷ ದಾಟಿದೆ. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ, ಹೈಡ್ರಾಲಿಕ್ ಕ್ಲಚ್, ಅಂದರೆ ಪೆಡಲಿನ ಒತ್ತನ್ನು ದ್ರವ ಒಯ್ಯುವ ಬಗೆಯದು. ನಿಂತಲ್ಲಿ ಒಂದನೇ ಗೇರ್ ಬೀಳುವುದಕ್ಕೆ ಬಲ ಹಾಕಬೇಕಿತ್ತು. ರಿವರ್ಸ್ ಹಾಕಿದರೆ ಕರ್ರೆಂದು ಹಲ್ಲು ಕಡಿಯುತ್ತಿತ್ತು. ಅರ್ಧ ಗಂಟೆ ಓಡಿಸಿದ ಮೇಲೆ ಇದೆಲ್ಲ ಇನ್ನೂ ಹೆಚ್ಚುತ್ತಿತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ: ಕ್ಲಚ್ ಸೆಟ್ ಮುಗಿದಿದೆ, ಗೇರ್‌ಬಾಕ್ಸ್ ಇಳಿಸಿ.

ಗೇರ್‌ಬಾಕ್ಸನ್ನು ಇಳಿಸಿದ್ದು ನಿಜ, ಆದರೆ ಕಟ್ಟಕಡೆಗೆ. ಗೇರ್ ಬಿಗಿಯಾದಾಗ ಕೇಳಬೇಕಾದ ಮೊದಲ ಪ್ರಶ್ನೆ, ಕಾಲು ಒತ್ತಿದಷ್ಟು ಚಲನೆ ಕ್ಲಚ್ಚನ್ನು ಬಿಡಿಸುವ ಸನ್ನೆಯಾದ ಕ್ಲಚ್ ಫೋರ್ಕಿಗೆ ತಲುಪುತ್ತಿದೆಯೇ ಎಂಬುದು. ತಲುಪದಿದ್ದರೆ ಹೊಸ ಕ್ಲಚ್ ಪ್ಲೇಟ್ ಹಾಕಿದರೂ ಗೇರ್ ಬಿಗಿಯಾಗಿಯೇ ಉಳಿಯುತ್ತದೆ. ಪೆಡಲಿನಿಂದ ಫೋರ್ಕ್‌ವರೆಗೆ ಎಲ್ಲಿ ಎಷ್ಟು ಮಿಲಿಮೀಟರ್ ಕಳೆದುಹೋಗುತ್ತಿದೆ ಎಂದು ಕೊಂಡಿ ಕೊಂಡಿಯಾಗಿ ಅಳೆದೆ. ಈ ದಾಖಲೆಯ ಬಹುಪಾಲು ಆ ಅಳತೆಗಳದ್ದೇ.

ಬಳಸಿದ ಉಪಕರಣಗಳು: ಸ್ಟೀಲ್ ಸ್ಕೇಲ್, ವರ್ನಿಯರ್ ಕ್ಯಾಲಿಪರ್, ಸ್ಪ್ಯಾನರ್ ಸೆಟ್, ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಗಾಜಿನ ಬಾಟಲಿ, ಜ್ಯಾಕ್, ಗಟ್ಟಿ ಸ್ಟ್ಯಾಂಡ್‌ಗಳು, ಚಕ್ರಕ್ಕೆ ಕೊಡಲು ಅಡ್ಡೆಗಳು. ಪೆಡಲ್ ಒತ್ತಲು ಒಬ್ಬರ ಸಹಾಯ ಬೇಕೇ ಬೇಕು.

ಹಂತ 1: ಎಂಜಿನ್ ಆರಿಸಿ ಪರೀಕ್ಷೆ

ಎಂಜಿನ್ ಆಫ್ ಮಾಡಿ ಎಲ್ಲ ಗೇರುಗಳನ್ನೂ ಒಂದೊಂದಾಗಿ ಹಾಕಿ ತೆಗೆದೆ. ಎಲ್ಲವೂ ಸಲೀಸಾಗಿ ಬಿದ್ದವು. ಒಂದೆರಡು ಸಲ ಹಲ್ಲಿಗೆ ಹಲ್ಲು ಎದುರಾಗಿ ನಿಂತಾಗ ವಾಹನವನ್ನು ಸ್ವಲ್ಪ ಅಲುಗಿಸಿದರೆ ಸಾಕಾಯಿತು.

ಇಷ್ಟರಿಂದಲೇ ಅರ್ಧ ದಾರಿ ನಿಚ್ಚಳವಾಗುತ್ತದೆ. ಎಂಜಿನ್ ಆರಿದಾಗಲೂ ಗೇರ್ ಬಿಗಿಯಾಗಿದ್ದರೆ ಕ್ಲಚ್ಚಿನ ಸುದ್ದಿಗೆ ಹೋಗದೆ ಲಿವರಿನ ಬುಷ್, ಲಿಂಕೇಜ್, ಗೇರ್‌ಬಾಕ್ಸಿನ ಒಳಗಿನ ಸೆಲೆಕ್ಟರ್ ಇವುಗಳನ್ನು ನೋಡಬೇಕು. ಆರಿದಾಗ ಸಲೀಸು, ಓಡುವಾಗ ಬಿಗಿ ಎಂದಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಪೆಡಲ್ ಒತ್ತಿದರೂ ಎಂಜಿನ್ನನ್ನು ಗೇರ್‌ಬಾಕ್ಸಿನಿಂದ ಬೇರ್ಪಡಿಸುತ್ತಿಲ್ಲ ಎಂದೇ ಬಹುತೇಕ ಅರ್ಥ.

ಗೇರ್ ಆಯಿಲನ್ನೂ ನೋಡಿದೆ. ಮಟ್ಟ ತುಂಬುವ ರಂಧ್ರದ ಅಂಚಿನವರೆಗೆ ಇತ್ತು, ಕೈಪಿಡಿ ಹೇಳಿದ ಜಿಎಲ್-4 ದರ್ಜೆಯ 80ಡಬ್ಲ್ಯೂ-90 ಆಯಿಲೇ ಇತ್ತು. ದಪ್ಪ ಆಯಿಲಿನಿಂದ ಬರುವ ಬಿಗಿ ಬೆಳಗಿನ ತಂಪಿನಲ್ಲಿ ಹೆಚ್ಚಿದ್ದು, ಓಡಿಸಿದಂತೆ ಕಡಿಮೆಯಾಗುತ್ತದೆ. ಇಲ್ಲಿ ನಡೆಯುತ್ತಿದ್ದುದು ಅದಕ್ಕೆ ತದ್ವಿರುದ್ಧ.

ಹಂತ 2: ಎಂಜಿನ್ ಓಡುತ್ತಿರುವಾಗ ನಾಲ್ಕು ಪರೀಕ್ಷೆ

ಸಮತಟ್ಟಾದ ಜಾಗ, ಮುಂದೆ ಹಿಂದೆ ಯಾರೂ ಇಲ್ಲ, ಕೈ ಹ್ಯಾಂಡ್‌ಬ್ರೇಕಿನ ಮೇಲೆ. ಇಷ್ಟನ್ನು ಖಚಿತಪಡಿಸಿಕೊಂಡೇ ಶುರುಮಾಡಿದ್ದು.

ರಿವರ್ಸ್ ಪರೀಕ್ಷೆ: ಐಡಲ್ ವೇಗದಲ್ಲಿ ಕ್ಲಚ್ ಪೂರ್ತಿ ಒತ್ತಿ, ಐದು ಸೆಕೆಂಡ್ ಕಾದು ರಿವರ್ಸ್ ಹಾಕಿದೆ. ಹಳೆಯ ಗೇರ್‌ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ರಿವರ್ಸಿಗೆ ಸಿಂಕ್ರೊ (ಗೇರುಗಳ ವೇಗವನ್ನು ಹೊಂದಿಸುವ ಭಾಗ) ಇರುವುದಿಲ್ಲ. ಹೀಗಾಗಿ ಒಳಗಿನ ಶಾಫ್ಟ್ ತಿರುಗುತ್ತಲೇ ಇದ್ದರೆ ಅದು ಮುಚ್ಚುಮರೆಯಿಲ್ಲದೆ ಕೇಳಿಸುತ್ತದೆ. ಕರ್ರೆಂದಿತು.

ತೆವಳುವ ಪರೀಕ್ಷೆ: ಒಂದನೇ ಗೇರಿನಲ್ಲಿ, ಕ್ಲಚ್ ನೆಲ ಮುಟ್ಟುವಂತೆ ಒತ್ತಿದ್ದರೂ ವಾಹನ ಮುಂದಕ್ಕೆ ತೆವಳಲು ನೋಡುತ್ತಿತ್ತು.

ಪಂಪ್ ಮಾಡುವ ಪರೀಕ್ಷೆ: ಪೆಡಲನ್ನು ಬೇಗ ಬೇಗ ಮೂರು ನಾಲ್ಕು ಸಲ ಒತ್ತಿ ಕೂಡಲೇ ಗೇರ್ ಹಾಕಿದೆ. ಎಷ್ಟೋ ಮೆತ್ತಗೆ ಬಿತ್ತು. ಪ್ಲೇಟ್ ಬಾಗಿದ್ದರೆ ಪಂಪ್ ಮಾಡಿದ್ದಕ್ಕೆ ಅದು ನೆಟ್ಟಗಾಗುವುದಿಲ್ಲವಲ್ಲ. ದೋಷದ ದೊಡ್ಡ ಭಾಗ ದ್ರವದ ದಾರಿಯಲ್ಲಿದೆ ಎಂದು ಇದರಿಂದ ಗೊತ್ತಾಯಿತು.

ಒತ್ತಿ ಹಿಡಿಯುವ ಪರೀಕ್ಷೆ: ಪಂಪ್ ಮಾಡಿ ಗೇರ್ ಹಾಕಿ, ಪೆಡಲನ್ನು ಒತ್ತಿಯೇ ಹಿಡಿದೆ. ಒಂದು ನಿಮಿಷ ಆಗುವಷ್ಟರಲ್ಲಿ ವಾಹನ ಮತ್ತೆ ತೆವಳತೊಡಗಿತು. ಒತ್ತಡ ಎಲ್ಲೋ ಇಳಿದುಹೋಗುತ್ತಿದೆ.

ಹಂತ 3: ಎಷ್ಟು ಬರಬೇಕು, ಎಷ್ಟು ಬರುತ್ತಿದೆ

ಪೆಡಲಿನ ತಿರುಗಣಿಯಿಂದ ಕಾಲಿಡುವ ಪ್ಯಾಡಿಗೆ 300 ಮಿ.ಮೀ., ತಿರುಗಣಿಯಿಂದ ಪುಶ್‌ರಾಡ್ (ಪೆಡಲಿನ ಒತ್ತನ್ನು ಸಿಲಿಂಡರಿಗೆ ದಾಟಿಸುವ ಸರಳು) ಪಿನ್ನಿಗೆ 50 ಮಿ.ಮೀ. ಅಂದರೆ ಅನುಪಾತ ಆರಕ್ಕೆ ಒಂದು. ಪ್ಯಾಡ್ 150 ಮಿ.ಮೀ. ಇಳಿದರೆ ಪುಶ್‌ರಾಡ್ 25 ಮಿ.ಮೀ. ಚಲಿಸಬೇಕು.

ಪೆಡಲಿನ ಬಳಿ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಒಳವ್ಯಾಸ 5/8 ಇಂಚು, ಆ ದ್ರವದ ಒತ್ತಡದಿಂದ ಫೋರ್ಕನ್ನು ನೂಕುವ ಸ್ಲೇವ್ ಸಿಲಿಂಡರಿನದು 3/4 ಇಂಚು. ವಿಸ್ತೀರ್ಣಗಳ ಅನುಪಾತ 25/36, ಅಂದರೆ ಸುಮಾರು 0.69. ಮಾಸ್ಟರಿನಲ್ಲಿ 1 ಮಿ.ಮೀ. ಹೋದರೆ ಸ್ಲೇವಿನಲ್ಲಿ 0.69 ಮಿ.ಮೀ. ಬರುತ್ತದೆ. ಪುಶ್‌ರಾಡಿನ 1 ಮಿ.ಮೀ. ಸಡಿಲವನ್ನೂ, ಪಿಸ್ಟನ್ನಿನ ಕಪ್ (ದ್ರವ ಸೋರದಂತೆ ತಡೆಯುವ ರಬ್ಬರ್ ಸೀಲ್), ದ್ರವ ಮೇಲಿನ ಡಬ್ಬಿಗೆ ಮರಳುವ ರಿಟರ್ನ್ ರಂಧ್ರವನ್ನು ದಾಟಲು ಬೇಕಾದ ಒಂದೂವರೆ ಮಿ.ಮೀ.ಯನ್ನೂ ಕಳೆದರೆ, ಸ್ಲೇವಿನ ಪುಶ್‌ರಾಡ್ 15.5 ಮಿ.ಮೀ. ಆಸುಪಾಸಿನಲ್ಲಿ ಚಲಿಸಬೇಕು.

ಸ್ಲೇವಿನ ಪಕ್ಕ ಸ್ಕೇಲ್ ಕಟ್ಟಿ, ಪೆಡಲ್ ಒತ್ತಿಸಿ ನೋಡಿದರೆ ಬಂದದ್ದು 8.5 ಮಿ.ಮೀ.

ಏಳು ಮಿಲಿಮೀಟರ್ ಕಾಣೆ! ಬೇರೆ ವಾಹನಗಳಲ್ಲಿ ಈ ಅಂಕಿಗಳು ಬೇರೆಯಾಗಿರುತ್ತವೆ. ಆದರೆ ಪೆಡಲಿನ ಎರಡು ಅಳತೆ, ಸಿಲಿಂಡರುಗಳ ಎರಡು ವ್ಯಾಸ ಸಿಕ್ಕರೆ ಯಾವ ಹೈಡ್ರಾಲಿಕ್ ಕ್ಲಚ್ಚಿಗೂ ಈ ಲೆಕ್ಕ ಹಾಕಬಹುದು.

ಹಂತ 4: ಪೆಡಲಿನ ಪಿನ್ ಮತ್ತು ಬುಷ್

ಪೆಡಲನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಸುಮಾರು 25 ಮಿ.ಮೀ. ಏನೂ ಹಿಡಿಯದೆ ಸುಮ್ಮನೆ ಇಳಿಯುತ್ತಿತ್ತು. ಇರಬೇಕಾದದ್ದು ಆರೇಳು ಮಿ.ಮೀ. ಮಾತ್ರ.

ಪುಶ್‌ರಾಡನ್ನು ಪೆಡಲಿಗೆ ಸೇರಿಸುವ ಪಿನ್ ತೆಗೆದು ಅಳೆದೆ. 8 ಮಿ.ಮೀ. ಇರಬೇಕಾದ ಪಿನ್ ಒಂದು ಬದಿಯಲ್ಲಿ ಸವೆದು 6.9ಕ್ಕೆ ಇಳಿದಿತ್ತು. ಪೆಡಲಿನ ರಂಧ್ರ ಉದ್ದಕ್ಕೆ ಎಳೆದುಕೊಂಡು ಮೊಟ್ಟೆಯಾಕಾರವಾಗಿತ್ತು. ತಿರುಗಣಿಯ ಬುಷ್ಷಿನ ಅಲುಗಾಟವನ್ನೂ ಸೇರಿಸಿದರೆ ಪುಶ್‌ರಾಡಿನಲ್ಲಿ ಒಟ್ಟು 3 ಮಿ.ಮೀ. ನಷ್ಟ. ಕೈಯಲ್ಲಿ ಹಿಡಿದರೆ ಇದು ಲೆಕ್ಕಕ್ಕೇ ಇಲ್ಲದ ಸವೆತದಂತೆ ಕಾಣುತ್ತದೆ. ಆದರೆ ಆರಕ್ಕೆ ಒಂದರ ಅನುಪಾತದಲ್ಲಿ ಅದು ಪ್ಯಾಡಿನಲ್ಲಿ 18 ಮಿ.ಮೀ.

ಮೊದಲು ಪಿನ್ ಮಾತ್ರ ಬದಲಿಸಿದೆ. ಅದರಿಂದ ಅರ್ಧಕ್ಕಿಂತ ಕಡಿಮೆ ಲಾಭವಾಯಿತು, ಏಕೆಂದರೆ ರಂಧ್ರ ಹಾಗೆಯೇ ಇತ್ತು. ಬಳಿಕ ಪೆಡಲನ್ನು ಕಳಚಿ, ರಂಧ್ರಕ್ಕೆ ಬೆಸುಗೆ ತುಂಬಿಸಿ, ಮತ್ತೆ 8 ಮಿ.ಮೀ.ಗೆ ಕೊರೆಸಿ, ಹೊಸ ಬುಷ್ ಹಾಕಿದೆ. ಸ್ಲೇವಿನಲ್ಲಿ ಈಗ 10.5 ಮಿ.ಮೀ.

ಹಂತ 5: ಮಾಸ್ಟರ್ ಸಿಲಿಂಡರ್ ಕೂತಿರುವ ತಗಡು

ಹಳೆಯ ವಾಹನಗಳಲ್ಲಿ ಇದನ್ನು ನೋಡುವವರು ಕಡಿಮೆ. ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಲು ಬಯಸುವುದೂ ಇದನ್ನೇ. ಬಾನೆಟ್ ತೆರೆದು, ಟಾರ್ಚ್ ಹಿಡಿದು, ಒಳಗೆ ಕೂತವರಿಗೆ ಪೆಡಲ್ ಒತ್ತಲು ಹೇಳಿ ಮಾಸ್ಟರ್ ಸಿಲಿಂಡರನ್ನೇ ನೋಡುತ್ತಾ ನಿಂತೆ. ಪ್ರತಿ ಸಲವೂ ಸಿಲಿಂಡರ್ ಮುಂದಕ್ಕೆ ಬಾಗುತ್ತಿತ್ತು. ಸ್ಕೇಲ್ ಇಟ್ಟರೆ 1.5 ಮಿ.ಮೀ. ಕಾಲಿನ ಬಲದ ಒಂದು ಭಾಗ ದ್ರವವನ್ನು ತಳ್ಳುವ ಬದಲು ತಗಡನ್ನು ಬಾಗಿಸಲು ಹೋಗುತ್ತಿತ್ತು.

ಒಳಗಿನ ಮ್ಯಾಟ್ ತೆಗೆದು, ಮಸಿಯಂಥ ಜಿಡ್ಡನ್ನು ಒರೆಸಿದ ಮೇಲೆ ಕಾರಣ ಕಂಡಿತು: ಪೆಡಲಿನ ಬ್ರಾಕೆಟ್ ತಗಡಿಗೆ ಸೇರುವ ಮೂಲೆಯಲ್ಲಿ ಕೂದಲಿನಷ್ಟು ತೆಳುವಾದ ಬಿರುಕು. ವರ್ಷಗಟ್ಟಲೆ ಒತ್ತಿ ಬಿಟ್ಟು ಲೋಹ ದಣಿದಿತ್ತು. ಬೋಲ್ಟ್ ಬಿಗಿ ಮಾಡಿ ನೋಡಿದೆ, ಒಂದಿಷ್ಟೂ ವ್ಯತ್ಯಾಸವಾಗಲಿಲ್ಲ. ಬಿರುಕಿನ ಎರಡು ತುದಿಗೂ ಸಣ್ಣ ರಂಧ್ರ ಕೊರೆದು ಅದು ಮುಂದೆ ಓಡದಂತೆ ತಡೆದು, ಬೆಸುಗೆ ಹಾಕಿಸಿ, ಹಿಂದಿನಿಂದ 3 ಮಿ.ಮೀ. ದಪ್ಪದ ಪಟ್ಟಿ ಕೊಡಿಸಿದೆ. ಬೆಸುಗೆಗೆ ಮುನ್ನ ಬ್ಯಾಟರಿಯ ತಂತಿಗಳನ್ನು ಬಿಚ್ಚಿ, ಸಿಲಿಂಡರನ್ನು ತೆಗೆದು, ಸುತ್ತಲಿನ ವೈರಿಂಗನ್ನು ದೂರಕ್ಕೆ ಕಟ್ಟಿದ್ದೆ.

ಸ್ಲೇವಿನಲ್ಲಿ 11.5 ಮಿ.ಮೀ. ಪೆಡಲ್ ಗಟ್ಟಿಯಾದದ್ದು ಕಾಲಿಗೇ ತಿಳಿಯುತ್ತಿತ್ತು.

ಹಂತ 6: ಹೋಸ್ ಮತ್ತು ಗಾಳಿ

ದ್ರವ ಮಸಿ ಬಣ್ಣಕ್ಕೆ ತಿರುಗಿತ್ತು. ರಬ್ಬರ್ ಸವೆದು ಕರಗಿದಾಗ ಹೀಗಾಗುತ್ತದೆ. ಸ್ಲೇವಿಗೆ ಹೋಗುವ ರಬ್ಬರ್ ಹೋಸನ್ನು ವರ್ನಿಯರಿನಲ್ಲಿ ಹಿಡಿದು ಪೆಡಲ್ ಒತ್ತಿಸಿದರೆ ಅದು ಕಣ್ಣಿಗೆ ಕಾಣುವಂತೆ ಉಬ್ಬುತ್ತಿತ್ತು. ಬದಲಿಸಿದೆ. ಲಾಭ ಅರ್ಧ ಮಿ.ಮೀ. ಅಷ್ಟೆ. ಆದರೂ ಈ ಹೋಸನ್ನು ಬದಲಿಸಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಹಳೆಯ ಹೋಸ್ ಒಳಗಡೆ ಕುಸಿದರೆ ದ್ರವ ಹಿಂದಿರುಗಲಾರದೆ ಕ್ಲಚ್ ನಿಧಾನವಾಗಿ ಹಿಡಿಯುವ ಇನ್ನೊಂದು ರೋಗ ಶುರುವಾಗುತ್ತದೆ.

ಮುಂದೆ ಏರ್ ತೆಗೆಯುವ ಕೆಲಸ. ಕೈಪಿಡಿಯಂತೆ ಡಾಟ್ 3 ದರ್ಜೆಯ ಬ್ರೇಕ್ ದ್ರವ, ಹೊಸ ಮುಚ್ಚಿದ ಡಬ್ಬಿಯಿಂದ. ಇದು ಗಾಳಿಯ ತೇವವನ್ನು ಹೀರುತ್ತದೆ. ಒಣಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಕುದಿಬಿಂದು ತೇವ ಹೀರಿದಾಗ 140ರವರೆಗೂ ಇಳಿಯಬಹುದು. ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದುಬರುತ್ತದೆ, ಕೂಡಲೇ ನೀರಿನಿಂದ ತೊಳೆಯಬೇಕು. ಈ ದ್ರವಕ್ಕೆಂದು ಮಾಡಿದ ಕಪ್‌ಗಳಿಗೆ ಖನಿಜ ತೈಲ ತಾಗಿದರೆ ಅವು ಊದಿ ಹಾಳಾಗುತ್ತವೆ. ಆದ್ದರಿಂದ ಎಂಜಿನ್ ಆಯಿಲ್ ಹಚ್ಚಿದ ಕೈಯನ್ನು ಕೂಡ ಒರೆಸಿಕೊಂಡೇ ಮುಟ್ಟಬೇಕು.

ಮಾಮೂಲಿ ಕ್ರಮದಲ್ಲೇ ಮಾಡಿದೆ: ಸ್ಲೇವಿನಲ್ಲಿ ಗಾಳಿ ಬಿಡಲು ಇರುವ ನಿಪ್ಪಲ್ಲಿಗೆ ಕೊಳವೆ, ಕೊಳವೆಯ ತುದಿ ಬಾಟಲಿಯ ದ್ರವದಲ್ಲಿ ಮುಳುಗಿರಬೇಕು, ಒತ್ತು, ನಿಪ್ಪಲ್ ತೆರೆ, ಮುಚ್ಚು, ಬಿಡು. ಗುಳ್ಳೆಗಳು ನಿಂತವು. ಪೆಡಲ್ ಮಾತ್ರ ಸ್ಪಂಜು ಒತ್ತಿದಂತೆಯೇ ಇತ್ತು, ಸ್ಲೇವಿನಲ್ಲಿ 12 ಮಿ.ಮೀ. ದಾಟಲಿಲ್ಲ. ಮತ್ತೆ ಇಡೀ ಡಬ್ಬಿ ಖಾಲಿ ಮಾಡಿದರೂ ಅಷ್ಟೇ.

ಆಗ ವಾಹನದ ಕೆಳಗೆ ಮಲಗಿ ಸ್ಲೇವನ್ನೇ ದಿಟ್ಟಿಸಿ ನೋಡಿದೆ. ನಿಪ್ಪಲ್ ಕೆಳಮುಖವಾಗಿತ್ತು! ಹಿಂದೆ ಎಂದೋ ಬಿಚ್ಚಿ ಕೂರಿಸಿದಾಗ ಸಿಲಿಂಡರ್ ತಲೆಕೆಳಗಾಗಿದೆ. ಎರಡು ಬೋಲ್ಟಿನ ಫ್ಲ್ಯಾಂಜ್ ಆದ್ದರಿಂದ ಹಾಗೂ ಕೂರುತ್ತದೆ, ಹೀಗೂ ಕೂರುತ್ತದೆ. ಗಾಳಿ ಮೇಲೆ ನಿಲ್ಲುತ್ತದೆ, ನಾವು ಕೆಳಗಿನಿಂದ ದ್ರವ ಬಸಿಯುತ್ತೇವೆ. ಹೀಗೆ ಎಷ್ಟು ಬಸಿದರೂ ಮೇಲಿನ ಗುಳ್ಳೆ ಜಾಗ ಬಿಟ್ಟು ಕದಲುವುದಿಲ್ಲ. ಸಿಲಿಂಡರನ್ನು ತಿರುಗಿಸಿ ನಿಪ್ಪಲ್ ಮೇಲೆ ಬರುವಂತೆ ಕೂರಿಸಿದೆ. ಈ ಸಲ ಕೆಳಗಿನಿಂದ ದೊಡ್ಡ ಸಿರಿಂಜಿನಿಂದ ದ್ರವವನ್ನು ನಿಪ್ಪಲ್ ಮೂಲಕ ನಿಧಾನವಾಗಿ ಮೇಲಕ್ಕೆ ತಳ್ಳಿದೆ, ಗಾಳಿ ತನ್ನ ಸಹಜ ದಿಕ್ಕಿನಲ್ಲೇ ಹೋಗಲಿ ಎಂದು. ಮಾಸ್ಟರಿನ ಮೇಲಿನ ದ್ರವದ ಡಬ್ಬಿಯಲ್ಲಿ ಗುಳ್ಳೆಗಳು ಗುಂಪಾಗಿ ಎದ್ದವು.

15 ಮಿ.ಮೀ.

ಹಂತ 7: ಮಾಸ್ಟರ್ ಸಿಲಿಂಡರಿನ ಕಪ್

ಅಳತೆ ಸರಿಯಾಯಿತು, ಆದರೆ ನಿಲ್ಲುತ್ತಿರಲಿಲ್ಲ. ಪೆಡಲ್ ಒತ್ತಿ ಹಿಡಿದರೆ ನಿಮಿಷದೊಳಗೆ ಸ್ಲೇವಿನ ಪುಶ್‌ರಾಡ್ 15ರಿಂದ 12ಕ್ಕೆ ಹಿಂದೆ ಸರಿಯುತ್ತಿತ್ತು. ಹೊರಗೆಲ್ಲೂ ಸೋರಿಕೆ ಇಲ್ಲ. ಸ್ಲೇವಿನ ರಬ್ಬರ್ ಬೂಟ್ ಎತ್ತಿ ನೋಡಿದೆ, ಒಣಗಿತ್ತು. ಪೆಡಲಿನ ಬಳಿ ಮಾಸ್ಟರಿನ ಹಿಂಭಾಗವೂ ಒಣಗಿತ್ತು. ಉಳಿದದ್ದು ಒಂದೇ ದಾರಿ: ಮಾಸ್ಟರಿನ ಒಳಗಿನ ಕಪ್ಪನ್ನು ದಾಟಿ ದ್ರವ ವಾಪಸ್ ಡಬ್ಬಿಗೆ ಹೋಗುತ್ತಿದೆ.

ಬಿಚ್ಚಿದಾಗ ಸಿಲಿಂಡರಿನ ಒಳಗೋಡೆಯ ಕೆಳಭಾಗದಲ್ಲಿ ಸಣ್ಣ ಸಣ್ಣ ತುಕ್ಕಿನ ಗುಳಿಗಳು. ನುಣುಪಾದ ಎಮೆರಿ ಕಾಗದದಿಂದ ಉಜ್ಜಿ, ರಿಪೇರಿ ಕಿಟ್ಟಿನ ಹೊಸ ಕಪ್ ಹಾಕಿದೆ. ಕೆಲವು ದಿನ ಚೆನ್ನಾಗಿತ್ತು, ಮತ್ತೆ ಜಾರತೊಡಗಿತು. ಗುಳಿಯ ಅಂಚು ಹೊಸ ಕಪ್ಪನ್ನೂ ಕೊರೆದಿತ್ತು. ಈಗ ನಾನು ಪಾಲಿಸುವ ನಿಯಮ ಹೀಗಿದೆ: ಒಳಗೋಡೆಯ ಮೇಲೆ ಉಗುರು ಎಳೆದಾಗ ಎಲ್ಲಾದರೂ ಸಿಕ್ಕಿಕೊಂಡರೆ ಕಿಟ್ ತರಬಾರದು, ಸಿಲಿಂಡರನ್ನೇ ಬದಲಿಸಬೇಕು. ಕಿಟ್ ಅಗ್ಗ ನಿಜ, ಆದರೆ ಅದೇ ಕೆಲಸವನ್ನು ಎರಡು ಸಲ ಮಾಡಿಸುತ್ತದೆ.

ಹೊಸ ಸಿಲಿಂಡರ್ ಕೂರಿಸಿ, ಪುಶ್‌ರಾಡಿಗೂ ಪಿಸ್ಟನ್ನಿಗೂ ನಡುವೆ 1 ಮಿ.ಮೀ. ಸಡಿಲ ಬಿಟ್ಟೆ. ಹೆಚ್ಚು ಚಲನೆ ಸಿಗಲೆಂದು ಈ ಸಡಿಲವನ್ನು ಪೂರ್ತಿ ತೆಗೆದುಬಿಡುವ ಆಸೆ ಯಾರಿಗಾದರೂ ಬರುತ್ತದೆ. ಹಾಗೆ ಮಾಡಿದರೆ ಕಪ್ ರಿಟರ್ನ್ ರಂಧ್ರವನ್ನು ಸದಾ ಮುಚ್ಚಿ ನಿಲ್ಲಬಹುದು, ಆಗ ಬಿಸಿಗೆ ಹಿಗ್ಗಿದ ದ್ರವ ಹಿಂದಿರುಗಲಾಗದೆ ಕ್ಲಚ್ ಅರ್ಧ ಒತ್ತಿದಂತೆ ಉಳಿಯುತ್ತದೆ. ಆಮೇಲೆ ಪ್ಲೇಟ್ ಜಾರುತ್ತದೆ, ಸುಡುತ್ತದೆ.

ಒತ್ತಿ ಹಿಡಿದ ನಿಮಿಷದ ಕೊನೆಗೂ 15 ಮಿ.ಮೀ. ತೆವಳುವುದು ನಿಂತಿತು, ಒಂದನೇ ಗೇರ್ ಬೆರಳಲ್ಲಿ ಬೀಳುತ್ತಿತ್ತು.

ಹಂತ 8: ಉಳಿದ ಸದ್ದು ಯಾರದ್ದು

ರಿವರ್ಸಿನಲ್ಲಿ ಸಣ್ಣ ಕರಕರ ಇನ್ನೂ ಇತ್ತು. ಚಲನೆ ಪೂರ್ತಿ ತಲುಪುತ್ತಿದೆ ಎಂದು ಖಾತ್ರಿಯಾದ ಮೇಲೆ ಈ ಸದ್ದಿನ ಕಾರಣ ಒಳಗೇ ಇರಬೇಕು. ಒಳಗೆ ಏನು ಎಂಬುದನ್ನೂ ಬಿಚ್ಚುವ ಮೊದಲೇ ಒಂದಿಷ್ಟು ತಿಳಿಯಬಹುದು.

ಕ್ಲಚ್ ಒತ್ತಿ ಒಂದನೇ ಗೇರ್ ಹಾಕಿದೆ. ಕಾಲು ತೆಗೆಯದೆ ನ್ಯೂಟ್ರಲ್ಲಿಗೆ ತಂದು ಹತ್ತು ಸೆಕೆಂಡ್ ಕಾದು ರಿವರ್ಸ್ ಹಾಕಿದೆ. ಕರ್ರ್. ಹಾಗೆಯೇ ಮತ್ತೆ ಮಾಡಿ, ಈ ಸಲ ಕಾಯದೆ ಕೂಡಲೇ ರಿವರ್ಸ್ ಹಾಕಿದೆ. ಸದ್ದಿಲ್ಲ. ಅಂದರೆ ಗೇರ್ ಬಿದ್ದಾಗ ನಿಂತ ಇನ್‌ಪುಟ್ ಶಾಫ್ಟನ್ನು (ಕ್ಲಚ್ ಪ್ಲೇಟಿನಿಂದ ಗೇರ್‌ಬಾಕ್ಸಿಗೆ ಹೋಗುವ ಶಾಫ್ಟ್) ಯಾವುದೋ ಒಂದು ದುರ್ಬಲ ಎಳೆತ ಮತ್ತೆ ಮೆಲ್ಲಗೆ ತಿರುಗಿಸುತ್ತಿದೆ. ಪ್ಲೇಟ್ ಬಾಗಿದ್ದರೆ ಎಳೆತ ಜೋರಾಗಿರುತ್ತದೆ, ವಾಹನವೇ ತೆವಳುತ್ತದೆ. ಇಷ್ಟು ಮೆತ್ತಗಿನ ಎಳೆತಕ್ಕೆ ಎರಡು ಶಂಕಿತರು: ಕ್ರ್ಯಾಂಕಿನ ತುದಿಯಲ್ಲಿ ಈ ಶಾಫ್ಟಿನ ಮೂತಿಗೆ ಆಸರೆಯಾಗಿರುವ ಪೈಲಟ್ ಬುಷ್, ಅಥವಾ ಪ್ಲೇಟ್ ಸಲೀಸಾಗಿ ಸರಿಯದಂತೆ ಹಿಡಿದಿರುವ ಸ್ಪ್ಲೈನ್ (ಶಾಫ್ಟಿನ ಮೇಲಿನ ಉದ್ದುದ್ದ ಹಲ್ಲುಗಳು).

ಹಂತ 9: ಗೇರ್‌ಬಾಕ್ಸ್ ಇಳಿಸಿದ್ದು

ಬ್ಯಾಟರಿ ಬಿಚ್ಚಿ, ವಾಹನವನ್ನು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಪ್ರೊಪೆಲರ್ ಶಾಫ್ಟಿಗೂ ಫ್ಲ್ಯಾಂಜಿಗೂ ಗುರುತು ಹಾಕಿ ಬಿಚ್ಚಿದೆ. ಸ್ಲೇವನ್ನು ಪೈಪಿನ ಸಮೇತ ಪಕ್ಕಕ್ಕೆ ಕಟ್ಟಿದೆ. ಆ ಹೊತ್ತಿನಲ್ಲಿ ಯಾರಾದರೂ ಪೆಡಲ್ ಒತ್ತಿದರೆ ಪಿಸ್ಟನ್ ಹೊರಗೆ ಹಾರುತ್ತದೆ, ಆದ್ದರಿಂದ ಪಿಸ್ಟನ್ನಿಗೆ ತಂತಿ ಬಿಗಿದು, ಪೆಡಲಿಗೂ ಚೀಟಿ ಅಂಟಿಸಿದ್ದೆ. ಗೇರ್‌ಬಾಕ್ಸಿನ ಭಾರ ಯಾವ ಕ್ಷಣದಲ್ಲೂ ಇನ್‌ಪುಟ್ ಶಾಫ್ಟಿನ ಮೇಲೆ ತೂಗಬಾರದು, ತೂಗಿದರೆ ಪ್ಲೇಟಿನ ನಡುಭಾಗ ಬಾಗುತ್ತದೆ. ಕ್ಲಚ್ಚಿನ ಧೂಳನ್ನು ಊದದೆ ಒದ್ದೆ ಬಟ್ಟೆಯಿಂದ ಒರೆಸಿದೆ. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು.

ಪ್ಲೇಟಿನಲ್ಲಿ ರಿವೆಟ್ ತಲೆಯ ಮೇಲೆ ಇನ್ನೂ 1.1 ಮಿ.ಮೀ. ಲೈನಿಂಗ್ ಇತ್ತು. ತಿರುಗಿಸಿ ನೋಡಿದಾಗ ಅಂಚಿನ ಓಲಾಟ ಅರ್ಧ ಮಿ.ಮೀ.ಗಿಂತ ಕಡಿಮೆ. ಪ್ರೆಶರ್ ಪ್ಲೇಟಿನ ಬೆರಳುಗಳು ಒಂದೇ ಮಟ್ಟದಲ್ಲಿದ್ದವು. ಎಲ್ಲರೂ ಬದಲಿಸಲು ಹೇಳಿದ್ದ ಕ್ಲಚ್ ಸೆಟ್ಟಿನಲ್ಲಿ ಕೆಟ್ಟಿದ್ದು ಫೋರ್ಕ್ ತಳ್ಳುವ ರಿಲೀಸ್ ಬೇರಿಂಗ್ ಒಂದೇ, ತಿರುಗಿಸಿದರೆ ಮರಳು ಸಿಕ್ಕಿದ ಸದ್ದು. ಅದನ್ನು ಬದಲಿಸಿದೆ.

ಪೈಲಟ್ ಬುಷ್ ಒಣಗಿ ಕಪ್ಪಾಗಿತ್ತು. ಶಾಫ್ಟಿನ ಮೂತಿಯಲ್ಲಿ ಬಿಸಿಯ ನೀಲಿ ಛಾಯೆ. ಸ್ಪ್ಲೈನಿನ ಮೇಲೂ ಕೆಂಪು ತುಕ್ಕು. ಇಬ್ಬರು ಶಂಕಿತರೂ ಪಾಲುದಾರರೇ.

ಬುಷ್ ಹೊರಗೆ ತೆಗೆಯುವುದು ಕಷ್ಟದ ಕೆಲಸ. ಹಿಂದಿನಿಂದ ತಳ್ಳಲು ದಾರಿಯಿಲ್ಲ. ರಂಧ್ರಕ್ಕೆ ಗ್ರೀಸ್ ತುಂಬಿ, ಅಳತೆಯ ಸರಳು ಇಟ್ಟು ಸುತ್ತಿಗೆಯಿಂದ ಹೊಡೆದೆ. ಸರಳು ಸ್ವಲ್ಪ ಸಣ್ಣದಿದ್ದುದರಿಂದ ಗ್ರೀಸ್ ಪಕ್ಕದಿಂದ ಚಿಮ್ಮಿತು. ಸರಳಿಗೆ ಟೇಪ್ ಸುತ್ತಿದೆ, ಅದೂ ಹರಿಯಿತು. ಗ್ರೀಸ್ ಒರೆಸಿ, ಒದ್ದೆ ಮಾಡಿದ ಕಾಗದದ ಚೂರುಗಳನ್ನು ಒತ್ತೊತ್ತಿ ತುಂಬಿ ಹೊಡೆದಾಗ ಬುಷ್ ಹಂತಹಂತವಾಗಿ ಹೊರಬಂತು. ಹೊಸ ಬುಷ್ ರಂಧ್ರಯುಕ್ತ ಕಂಚಿನದು. ಅದನ್ನು ರಾತ್ರಿಯಿಡೀ ಎಂಜಿನ್ ಆಯಿಲಿನಲ್ಲಿ ನೆನೆಸಿ ಹಾಕಿದೆ. ಇದಕ್ಕೆ ಗ್ರೀಸ್ ಬಳಿಯಬಾರದು, ಆಯಿಲ್ ಹೊರಬರುವ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುತ್ತವೆ. ಶಾಫ್ಟಿನ ಮೂತಿಯನ್ನು ನುಣುಪು ಮಾಡಿ, ಸ್ಪ್ಲೈನಿನ ತುಕ್ಕನ್ನು ಬ್ರಷ್ಷಿನಿಂದ ಉಜ್ಜಿ, ಬಿಸಿ ತಾಳುವ ಗ್ರೀಸನ್ನು ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿದೆ. ಪ್ಲೇಟ್ ತನ್ನ ಪಾಡಿಗೆ ಜಾರುವಷ್ಟು ಸಲೀಸಾಯಿತು. ಜೋಡಿಸುವಾಗ ಪ್ಲೇಟನ್ನು ಮಧ್ಯಕ್ಕೆ ಹೊಂದಿಸಿ, ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿದೆ.

ಕೇಬಲ್ ಕ್ಲಚ್ ಇದ್ದರೆ

ಲೆಕ್ಕದ ರೀತಿ ಅದೇ, ಕೊಂಡಿಗಳು ಬೇರೆ. ಒಳತಂತಿಯ ಎಳೆಗಳು ಬಿಚ್ಚಿಕೊಂಡಿವೆಯೇ, ಹೊರಕವಚ ಒತ್ತಿದಾಗ ಕುಗ್ಗುತ್ತಿದೆಯೇ, ಕವಚ ಕೂರುವ ತಗಡು ಬಾಗುತ್ತಿದೆಯೇ ನೋಡಬೇಕು. ಕೇಬಲ್ ಪದೇ ಪದೇ ಸುಟ್ಟಂತಾಗಿ ಬಿಗಿದುಕೊಳ್ಳುತ್ತಿದ್ದರೆ ಎಂಜಿನ್ನಿನಿಂದ ಚಾಸಿಗೆ ಬರುವ ಅರ್ತ್ ಪಟ್ಟಿಯನ್ನು ಪರೀಕ್ಷಿಸಿ. ಅದು ತುಂಡಾದರೆ ಸ್ಟಾರ್ಟರಿನ ವಿದ್ಯುತ್ತು ಕ್ಲಚ್ ಕೇಬಲಿನ ಮೂಲಕವೇ ಹರಿದು ಅದನ್ನು ಬಿಸಿ ಮಾಡುತ್ತದೆ. ಅರ್ತ್ ಸರಿಪಡಿಸದೆ ಎಷ್ಟು ಕೇಬಲ್ ಹಾಕಿದರೂ ಫಲವಿಲ್ಲ.

ಹಂತ 10: ಕೊನೆಯ ಅಳತೆ

ಪೆಡಲಿನ ಸಡಿಲ 7 ಮಿ.ಮೀ., ಸ್ಲೇವಿನ ಚಲನೆ 15 ಮಿ.ಮೀ., ಒಂದು ನಿಮಿಷ ಹಿಡಿದರೂ ಅಷ್ಟೇ. ತಂಪಿದ್ದಾಗಲೂ ಕಾದಾಗಲೂ ರಿವರ್ಸ್ ಸದ್ದಿಲ್ಲದೆ ಬೀಳುತ್ತಿದೆ. ಖರ್ಚಿನಲ್ಲಿ ದೊಡ್ಡದು ಮಾಸ್ಟರ್ ಸಿಲಿಂಡರ್, ಆಮೇಲೆ ಬೆಸುಗೆಯ ಕೂಲಿ. ಹೆಚ್ಚು ಚಲನೆ ಮರಳಿ ಕೊಟ್ಟ ಎರಡು ಕೆಲಸಗಳು, ಅಂದರೆ ಪೆಡಲಿನ ಪಿನ್ ಬುಷ್ ಮತ್ತು ಸ್ಲೇವನ್ನು ತಿರುಗಿಸಿದ್ದು, ಎಲ್ಲಕ್ಕಿಂತ ಅಗ್ಗವಾಗಿದ್ದವು.

ಉಳಿದಿರುವುದು ಒಂದು: ಮೂರರಿಂದ ಎರಡಕ್ಕೆ ಬೇಗ ಇಳಿಸಿದರೆ ಸಣ್ಣ ತಡೆ. ಬೇರೆ ಯಾವ ಗೇರಿನಲ್ಲೂ ಇಲ್ಲದ್ದರಿಂದ ಇದು ಕ್ಲಚ್ಚಿನದ್ದಲ್ಲ, ಎರಡನೇ ಗೇರಿನ ಸಿಂಕ್ರೊ ರಿಂಗ್ ಸವೆದಿದೆ. ಗೇರ್‌ಬಾಕ್ಸನ್ನು ಬಿಚ್ಚಿ ಹಲ್ಲುಗಳನ್ನು ನೋಡುವ ದಿನ ಬಂದಾಗ ಅದನ್ನು ಬದಲಿಸುತ್ತೇನೆ. ಅಲ್ಲಿಯವರೆಗೆ ನ್ಯೂಟ್ರಲ್ಲಿನಲ್ಲಿ ಒಮ್ಮೆ ಕ್ಲಚ್ ಬಿಟ್ಟು, ತುಸು ಆಕ್ಸಿಲರೇಟರ್ ಕೊಟ್ಟು, ಮತ್ತೆ ಒತ್ತಿ ಎರಡಕ್ಕೆ ಇಳಿಸುತ್ತಿದ್ದೇನೆ.